ಓದುಗರ ಪ್ರಶ್ನೆ: ವೈಪರ್ ನಿಧಾನವಾದರೆ ಮೋಟಾರ್ ಬದಲಿಸಲೇಬೇಕೇ?

ಪ್ರಶ್ನೆ: ನನ್ನ ಕಾರಿಗೆ 15 ವರ್ಷ ದಾಟಿದೆ. ವೈಪರ್ ತೀರಾ ನಿಧಾನ. ಆಫ್ ಮಾಡಿದರೆ ಕೆಳಗೆ ಬಂದು ಕೂರದೆ ಗಾಜಿನ ನಡುವೆಯೇ ನಿಂತುಬಿಡುತ್ತದೆ. ಮಳೆ ಜೋರಾಗಿದ್ದಾಗ ಪರವಾಗಿಲ್ಲ, ತುಂತುರು ಹನಿಯಲ್ಲಿ ಇನ್ನೂ ಕಷ್ಟ. ಮೆಕ್ಯಾನಿಕ್ ಮೋಟಾರ್ ಹೋಗಿದೆ ಎನ್ನುತ್ತಾರೆ. ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಗಾಜು ಚೆನ್ನಾಗಿ ಒದ್ದೆಯಿದ್ದಾಗ ಓಡುತ್ತದೆ, ಅರೆ ಒಣಗಿದ್ದರೆ ತಿಣುಕುತ್ತದೆ ಎಂದರೆ ಮೋಟಾರಿಗೆ ಜೀವವಿದೆ, ಹೊರೆ ಎಳೆಯಲು ಆಗುತ್ತಿಲ್ಲ. ಆ ಹೊರೆ ಎಲ್ಲಿಯದು ಎಂದು ಮೊದಲು ಹುಡುಕಬೇಕು. ಹಳೆಯ ಕಾರುಗಳಲ್ಲಿ ಅದು ಬಹುತೇಕ ಸ್ಪಿಂಡಲ್‌ನಲ್ಲೇ, ಅಂದರೆ ವೈಪರ್ ಆರ್ಮನ್ನು ತಿರುಗಿಸುವ ಚಿಕ್ಕ ಶಾಫ್ಟ್‌ನಲ್ಲೇ ಸಿಗುತ್ತದೆ.

ಬ್ಲೇಡ್ ಕೆಳಗೆ ಕೂರಬೇಕಾದ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಬ್ಯಾಟರಿಯ ನೆಗೆಟಿವ್ ಕಳಚಿ. ಲಿಂಕೇಜ್ (ಮೋಟಾರಿನ ಚಲನೆಯನ್ನು ಸ್ಪಿಂಡಲ್‌ಗಳಿಗೆ ಮುಟ್ಟಿಸುವ ರಾಡುಗಳು) ಒಳಗೆ ಕೈಯಿಟ್ಟಾಗ ಮೋಟಾರ್ ತಿರುಗಿದರೆ ಬೆರಳು ಉಳಿಯುವುದಿಲ್ಲ. ಬ್ಲೇಡ್ ಹಿಡಿದಿರುವ ಆರ್ಮ್‌ನ ಬುಡದ ಕ್ಯಾಪ್ ತೆಗೆದು ನಟ್ ಬಿಚ್ಚಿ. ಆರ್ಮ್ ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಲು ಗಂಟೆ ಬಿಟ್ಟು ಅತ್ತಿತ್ತ ಅಲುಗಿಸಿ, ಇಲ್ಲವೇ ಆರ್ಮನ್ನು ಎಳೆದು ಬಿಡಿಸುವ ಚಿಕ್ಕ ಪುಲ್ಲರ್ ಬಳಸಿ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಗಾಜಿಗೇ ಸಂಚಕಾರ.

ಗಾಜಿನ ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಲಿಂಕೇಜ್ ಕಾಣುತ್ತದೆ. ಮೋಟಾರಿನ ಕ್ರ್ಯಾಂಕ್‌ಗೆ (ಮೋಟಾರ್ ತಿರುಗಿಸುವ ಚಿಕ್ಕ ತೋಳಿಗೆ) ಸೇರಿರುವ ರಾಡನ್ನು ಅದರ ಬಾಲ್ ಜಾಯಿಂಟ್‌ನಿಂದ ಎಬ್ಬಿಸಿ ತೆಗೆಯಿರಿ. ಕ್ರ್ಯಾಂಕ್ ನಟ್ ಮುಟ್ಟಬೇಡಿ, ಸೆಟ್ಟಿಂಗ್ ಕೆಡುತ್ತದೆ. ಈಗ ಎರಡೂ ಸ್ಪಿಂಡಲ್‌ಗಳನ್ನು ಬೆರಳಿನಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಒಂದಾದರೂ ಬಿಗಿಯಿದ್ದರೆ ಕಳ್ಳ ಸಿಕ್ಕಿದ ಹಾಗೆ. ಶಾಫ್ಟ್ ಗುಂಟ ನೀರು ಇಳಿದು ಗ್ರೀಸ್ ತೊಳೆದುಹೋಗಿ, ಅಲ್ಯೂಮಿನಿಯಂ ಹೌಸಿಂಗ್ ಒಳಗೆ ತುಕ್ಕು ಕೂತಿರುತ್ತದೆ. ಮೇಲಿನ ಸರ್ಕ್ಲಿಪ್ (ಶಾಫ್ಟ್ ಜಾರದಂತೆ ಹಿಡಿಯುವ ಉಂಗುರ), ವಾಷರ್ ತೆಗೆದು ಶಾಫ್ಟನ್ನು ಕೆಳಗೆ ಎಳೆದು, 400 ನಂಬರಿನ ನೀರು ಕಾಗದದಿಂದ (ಒದ್ದೆ ಮಾಡಿ ಉಜ್ಜಬಹುದಾದ ಉಜ್ಜುಕಾಗದ) ಉಜ್ಜಿ, ಒರೆಸಿ, ಲಿಥಿಯಂ ಗ್ರೀಸ್ ಸವರಿ ಹೊಸ ಓ-ರಿಂಗ್ ಜೊತೆ ಜೋಡಿಸಿ. ಬರೀ ಸ್ಪ್ರೇ ಹೊಡೆದು ಬಿಟ್ಟರೆ ಕೆಲವು ವಾರ ಓಡಿ ಮತ್ತೆ ಅದೇ ಕಥೆ. ಲಿಂಕೇಜ್‌ನ ಜಾಯಿಂಟ್‌ಗಳಲ್ಲಿರುವ ಪ್ಲಾಸ್ಟಿಕ್ ಬುಶ್‌ಗಳು ಲೊಡಲೊಡ ಎನ್ನುತ್ತಿದ್ದರೆ ಈಗಲೇ ಬದಲಿಸಿ.

ಸ್ಪಿಂಡಲ್ ಸರಾಗವಾಗಿದ್ದರೆ ಬ್ಯಾಟರಿ ಜೋಡಿಸಿ, ಕೈ ದೂರವಿಟ್ಟು, ರಾಡ್ ಇಲ್ಲದೆ ಮೋಟಾರ್ ಓಡಿಸಿ. ಆಗಲೂ ನಿಧಾನವೇ? ಬ್ಯಾಟರಿಯ ನೆಗೆಟಿವ್‌ನಿಂದ ಮೋಟಾರಿನ ಬಾಡಿಗೆ ನೇರ ವೈರ್ ಕೊಟ್ಟು ನೋಡಿ. ತಕ್ಷಣ ವೇಗ ಹೆಚ್ಚಿದರೆ ಅರ್ತ್ (ಮೋಟಾರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ) ಸರಿಯಿಲ್ಲ. ಅರ್ತ್ ಜೋಡಿಸಿರುವ ಜಾಗ ಉಜ್ಜಿ ಬಿಗಿಮಾಡಿ. ಹೆಚ್ಚದಿದ್ದರೆ ಮೋಟಾರ್ ಓಡುತ್ತಿರುವಾಗ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿರುವುದಕ್ಕಿಂತ ಒಂದು ವೋಲ್ಟ್‌ಗೂ ಮೀರಿ ಕಡಿಮೆ ಬಂದರೆ ಫ್ಯೂಸ್ ಹಿಡಿಕೆ, ಕನೆಕ್ಟರ್, ಸ್ವಿಚ್ ಈ ಮೂರರಲ್ಲಿ ಒಂದರ ತಕರಾರು. ಪೂರ್ತಿ ವೋಲ್ಟೇಜ್ ಬಂದೂ ಸೋಮಾರಿಯಾಗಿದ್ದರೆ ಮಾತ್ರ ಮೆಕ್ಯಾನಿಕ್ ಹೇಳಿದ್ದು ನಿಜ.

ನಡುವೆ ನಿಲ್ಲುವುದು ಬೇರೆ ರೋಗವೇ ಆಗಿರಬೇಕಿಲ್ಲ. ಆಫ್ ಮಾಡಿದ ಮೇಲೂ ಬ್ಲೇಡ್ ಕೆಳಗಿಳಿಯುವವರೆಗೆ ಮೋಟಾರಿಗೆ ಅದರ ಗೇರ್ ಕವರ್ ಒಳಗಿರುವ ಪಾರ್ಕ್ ಕಾಂಟ್ಯಾಕ್ಟ್ ಎಂಬ ಸ್ವಿಚ್ ಮೂಲಕ ಕರೆಂಟ್ ಹೋಗುತ್ತಿರುತ್ತದೆ. ಆ ಕಾಂಟ್ಯಾಕ್ಟ್ ಕಪ್ಪಾಗಿ, ಮೇಲೆ ಸ್ಪಿಂಡಲ್ ಬಿಗಿಯೂ ಸೇರಿದರೆ ಮೋಟಾರ್ ಅರ್ಧದಾರಿಯಲ್ಲೇ ಸುಸ್ತು. ಹಾಗಾಗಿ ಸ್ಪಿಂಡಲ್ ಕೆಲಸ ಮುಗಿಸಿ ನೋಡಿ. ಆಮೇಲೂ ನಿಂತರೆ ಗೇರ್ ಕವರ್ ಬಿಚ್ಚಿ, ಗಟ್ಟಿಯಾದ ಗ್ರೀಸ್ ಒರೆಸಿ, ಕಾಂಟ್ಯಾಕ್ಟ್ ಪತ್ತಿಗಳನ್ನು ನಯವಾದ ಎಮರಿ ಕಾಗದದಲ್ಲಿ ಹಗುರವಾಗಿ ಉಜ್ಜಿ. ಕೆಲವು ಕಾರುಗಳಲ್ಲಿ ಈ ಕವರ್ ರಿವೆಟ್ ಹೊಡೆದಿರುತ್ತದೆ, ಅಲ್ಲಿ ಸಾಹಸ ಬೇಡ.

ಪ್ರಶ್ನೆ: ಹೊಸ ಬ್ಲೇಡ್ ಹಾಕಿದರೂ ಒಂದು ಕಡೆಗೆ ಹೋಗುವಾಗ ಮಾತ್ರ ಗಡಗಡ ಎನ್ನುತ್ತದೆ. ಏಕೆ?

ಉತ್ತರ: ಮೊದಲು ಗಾಜಿನ ಮೇಲಿನ ಮೇಣ, ಎಣ್ಣೆ ಪದರವನ್ನು ಸ್ಪಿರಿಟ್‌ನಿಂದ ಒರೆಸಿ. ಆಮೇಲೂ ಸದ್ದು ಹೋಗದಿದ್ದರೆ ಆರ್ಮ್ ತಿರುಚಿರಬಹುದು. ಸ್ವೀಪಿನ ನಡುಭಾಗದಲ್ಲಿ ವೈಪರ್ ನಿಲ್ಲಿಸಿದಾಗ ಆರ್ಮ್‌ನ ತುದಿಯ ಚಪ್ಪಟೆ ಭಾಗ ಗಾಜಿಗೆ ಸಮಾನಾಂತರವಾಗಿರಬೇಕು. ಓರೆಯಾಗಿದ್ದರೆ ರಬ್ಬರ್ ಒಂದು ಕಡೆಗೆ ಮಗುಚಿಕೊಳ್ಳದೆ ನೆಟ್ಟಗೆ ನಿಂತು ಕುಪ್ಪಳಿಸುತ್ತದೆ. ಬ್ಲೇಡ್ ತೆಗೆದು, ಆರ್ಮನ್ನು ಎರಡು ಸ್ಪ್ಯಾನರ್‌ಗಳಲ್ಲಿ ಹಿಡಿದು ಒಂದೆರಡು ಡಿಗ್ರಿ ತಿರುಚಿ ನೋಡಿ. ಬ್ಲೇಡ್ ಇಲ್ಲದಾಗ ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿರಿ. ಸ್ಪ್ರಿಂಗ್‌ನ ಬಲಕ್ಕೆ ಬರೀ ಆರ್ಮ್ ಬಡಿದರೆ ಗಾಜು ಬಿರುಕು ಬಿಡುತ್ತದೆ.