ಟೆನಿಸ್ ಬಾಲ್‌ಗೆ ಹತ್ತು ಲಕ್ಷ ಡಾಲರ್ ವಿಮೆ ಯಾಕೆ?

ಓದುಗರ ಪತ್ರ: ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರು. ಏಪ್ರಿಲ್‌ನಿಂದ ಆರು ತಂಡಗಳ ಟೆನಿಸ್ ಬಾಲ್ ಕ್ರಿಕೆಟ್ ಲೀಗ್ ಮಾಡುವ ಆಸೆ. ಪಾರ್ಕಿನವರು ಪರ್ಮಿಟ್ ಬೇಕು, ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಿ, ಹತ್ತು ಲಕ್ಷ ಡಾಲರ್ ವಿಮೆ ತನ್ನಿ ಅನ್ನುತ್ತಿದ್ದಾರೆ. ಆಡುವುದು ಟೆನಿಸ್ ಬಾಲಿನಲ್ಲಿ! ಪೆಟ್ಟಾದರೆ ನಾವೇ ಜವಾಬ್ದಾರರು ಅಂತ ಆಟಗಾರರೆಲ್ಲ ಸಹಿ ಹಾಕಲು ರೆಡಿ. ಊರಲ್ಲಿ ಇದೆಲ್ಲ ಎಲ್ಲಿತ್ತು? ಗೆಳೆಯರು ಸೇರಿದ್ದೇವೆ ಅಂತ ಹೇಳಿ ಸುಮ್ನೆ ಆಡಿಬಿಟ್ಟರೆ ಏನಾಗುತ್ತದೆ?

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಏನೂ ಆಗದೆಯೂ ಇರಬಹುದು. ಎಂಟು ಹತ್ತು ಜನ ಬ್ಯಾಟು ಹಿಡಿದುಕೊಂಡು ಹೋದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ಆರು ತಂಡ, ಬೇರೆ ಬೇರೆ ಬಣ್ಣದ ಟೀ ಶರ್ಟು, ವಾಟ್ಸಾಪಿನಲ್ಲಿ ವೇಳಾಪಟ್ಟಿ, ತಂಡಕ್ಕೆ ಇಷ್ಟು ಅಂತ ದುಡ್ಡು. ಇದನ್ನು ಗೆಳೆಯರ ಕೂಟ ಅಂದರೆ ಯಾರು ನಂಬುತ್ತಾರೆ? ಪರ್ಮಿಟ್ ಇರುವ ಇನ್ನೊಂದು ಗುಂಪು ಬಂದು ನಿಂತರೆ ಅರ್ಧ ಇನಿಂಗ್ಸ್‌ನಲ್ಲೇ ಸ್ಟಂಪ್ ಕಿತ್ತುಕೊಂಡು ಹೊರಡಬೇಕು. ಅಷ್ಟೇ ಆದರೆ ಪರವಾಗಿಲ್ಲ. ಪೆಟ್ಟಾದ ದಿನ ಕಷ್ಟ.

ಊರಲ್ಲಿ ನಮಗೂ ಇದೇನೂ ಇರಲಿಲ್ಲ, ನಿಜ. ಎದುರು ಮನೆ ಕಾಂಪೌಂಡಿಗೆ ಬಾಲ್ ಬಿದ್ದರೆ ಔಟ್, ಹೊಡೆದವನೇ ಹೋಗಿ ಬೈಸಿಕೊಂಡು ತರಬೇಕು. ಗಾಜು ಒಡೆದರೆ ಎಲ್ಲರೂ ಓಟ. ನಮ್ಮ ವಿಮೆ ಅಂದರೆ ಅದೇ ಓಟ. ಇಲ್ಲಿ ಓಡುವ ಹಾಗಿಲ್ಲ, ಯಾಕೆಂದರೆ ಅರ್ಜಿಯಲ್ಲಿ ನಿಮ್ಮ ಹೆಸರು, ವಿಳಾಸ, ಸಹಿ ಎಲ್ಲ ಇರುತ್ತದೆ. ಆ ಅರ್ಜಿಯನ್ನು ಇನ್ನೊಮ್ಮೆ ಓದಿ. ಸಣ್ಣ ಅಕ್ಷರದಲ್ಲಿ ಒಂದು ಮಾತು ಇದ್ದೇ ಇರುತ್ತದೆ: ನಿಮ್ಮ ಆಟದಿಂದ ಯಾರಾದರೂ ಸಿಟಿಯ (ಪಾರ್ಕು ನಡೆಸುವ ನಗರಾಡಳಿತದ) ಮೇಲೆ ಕೇಸು ಹಾಕಿದರೆ, ಸಿಟಿಯ ಪರವಾಗಿ ಖರ್ಚು ನೀವು ಹೊರಬೇಕು. ವಿಮೆ ಕೇಳುವುದು ಅದಕ್ಕೇ. ಸಿಟಿಯ ರಕ್ಷಣೆಗೆ ಅಂತ ಕೇಳುತ್ತಾರೆ, ಉಳಿಯುವುದು ನಿಮ್ಮ ಮನೆ.

ಆಟಗಾರರ ಸಹಿಯ ವಿಷಯಕ್ಕೆ ಬರೋಣ. ಅದಕ್ಕೆ ಬೆಲೆ ಇಲ್ಲ ಅಂತಲ್ಲ. ಆಟಗಾರ ಇನ್ನೊಬ್ಬ ಆಟಗಾರನ ಮೇಲೆ ಹಾಕುವ ಕೇಸು ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಾಗಿ ನಿಲ್ಲುವುದೂ ಇಲ್ಲ. 1987ರ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲಿನ ಫೈನಲ್) ದಿನ, ಪಂದ್ಯದ ಬಿಡುವಿನಲ್ಲಿ ಕೆಲವು ಗೆಳೆಯರು ತಾವೂ ಅದೇ ಫುಟ್‌ಬಾಲ್ ಆಡುತ್ತಿದ್ದರು. ಒಬ್ಬ ಮಹಿಳೆಯ ಕಿರುಬೆರಳಿಗೆ ಏಟು ಬಿತ್ತು, ಕೊನೆಗೆ ಬೆರಳು ತೆಗೆಯಬೇಕಾಯಿತು. ಜೊತೆಗಾರನ ಮೇಲೆ ಆಕೆ ಹಾಕಿದ ಕೇಸು ರಾಜ್ಯದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1992ರಲ್ಲಿ ಕೋರ್ಟ್, ಆಟದಲ್ಲೇ ಇರುವ ಅಪಾಯಕ್ಕೆ ಜೊತೆಯಲ್ಲಿ ಆಡಿದವರು ಹೊಣೆಯಲ್ಲ, ಬೇಕೆಂದೇ ಅಥವಾ ಹುಚ್ಚಾಪಟ್ಟೆ ಆಡಿ ಪೆಟ್ಟು ಮಾಡಿದ್ದರೆ ಮಾತ್ರ ಹೊಣೆ ಎಂದಿತು. ಆದರೆ ಅದೇ ಕೋರ್ಟ್ 2007ರಲ್ಲಿ ಇನ್ನೊಂದು ಮಾತೂ ಹೇಳಿದೆ. ಆಯೋಜಕರು ತೀರಾ ಬೇಜವಾಬ್ದಾರಿ ತೋರಿಸಿದ್ದರೆ, ಮೊದಲೇ ಸಹಿ ಹಾಕಿಸಿಕೊಂಡ ಕಾಗದ ಅವರನ್ನು ಕಾಯುವುದಿಲ್ಲ.

ಇನ್ನೂ ದೊಡ್ಡ ತೂತು ಬೇರೆ ಇದೆ. ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಿರುವ ಅಜ್ಜಿ ನಿಮ್ಮ ಕಾಗದಕ್ಕೆ ಸಹಿ ಹಾಕಿಲ್ಲ, ಅಲ್ವಾ? ಆರು ತಿಂಗಳಿಗೆ ಅಂತ ಊರಿಂದ ಬಂದ ಯಾರದೋ ತಾಯಿ, ಮೊಮ್ಮಗನ ತಳ್ಳುಗಾಡಿ ಹಿಡಿದು ಬೌಂಡರಿ ಪಕ್ಕ ನಡೆಯುತ್ತಿರುತ್ತಾರೆ. ಬಾಲ್ ಮೆತ್ತಗಿರಬಹುದು. ಆದರೆ ಕ್ಯಾಚ್ ಹಿಡಿಯಲು ಆಕಾಶ ನೋಡುತ್ತಾ ಓಡಿ ಬರುವ ಎಂಬತ್ತು ಕೆಜಿಯ ಫೀಲ್ಡರ್ ಮೆತ್ತಗಿರುವುದಿಲ್ಲ.

ವಿಮೆ ತರುವಾಗ ಎಡವುವುದು ಮೂರು ಕಡೆ. ಸಿಟಿಗಳು ಸಾಮಾನ್ಯವಾಗಿ ಕೇಳುವುದು ಒಂದು ಘಟನೆಗೆ ಹತ್ತು ಲಕ್ಷ, ಒಟ್ಟು ಇಪ್ಪತ್ತು ಲಕ್ಷ ಡಾಲರಿನ ಹೊಣೆ ವಿಮೆ, ಅಂದರೆ ನಿಮ್ಮಿಂದ ಬೇರೆಯವರಿಗೆ ಪೆಟ್ಟೋ ನಷ್ಟವೋ ಆಗಿ ಕೇಸು ಬಿದ್ದರೆ ಕಟ್ಟುವ ವಿಮೆ. ಮೊದಲನೆಯದು, ವಿಮೆಯವರು ಕೊಡುವ ಒಂದು ಪುಟದ ಸರ್ಟಿಫಿಕೇಟ್ ಹಿಡಿದು ಖುಷಿಯಾಗಬೇಡಿ. ಇದು ಬರೀ ಮಾಹಿತಿಗೆ, ಇದರಿಂದ ಯಾವ ಹಕ್ಕೂ ಬರುವುದಿಲ್ಲ ಅಂತ ಅದರ ಮೇಲೇ ಅಚ್ಚಾಗಿರುತ್ತದೆ. ಸಿಟಿಯ ಹೆಸರನ್ನೂ ಪಾಲಿಸಿಗೆ ಸೇರಿಸಿದ 'ಅಡಿಷನಲ್ ಇನ್ಶೂರ್ಡ್' ಹಾಳೆ ಬೇರೆಯೇ ಬರಬೇಕು. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಈ ಹಾಳೆ ಇಲ್ಲದೆ.

ಎರಡನೆಯದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಸಂಘಗಳು ಯುಗಾದಿ, ರಾಜ್ಯೋತ್ಸವಕ್ಕೆ ಅಂತ ಮಾಡಿಸಿರುವ ಪಾಲಿಸಿಯನ್ನೇ ಪಾರ್ಕಿಗೂ ಕೊಟ್ಟುಬಿಡುತ್ತಾರೆ. ಅಂಥ ಪಾಲಿಸಿಗಳ ಹಿಂದಿನ ಪುಟದಲ್ಲಿ 'ಸಿಜಿ 21 01' ಅನ್ನುವ ಹಾಳೆ ಇದೆಯೇ ನೋಡಿ. ಇದ್ದರೆ ಆಟ ಆಡುವವರಿಗೆ ಆದ ಪೆಟ್ಟಿನ ಕೇಸು ಆ ವಿಮೆಯಲ್ಲಿ ಸೇರಿಲ್ಲ ಅಂತ ಅರ್ಥ. ಅಂದರೆ ಕ್ರಿಕೆಟ್ ಲೀಗಿಗೆ ಕ್ರಿಕೆಟ್ ಆಡುವವರನ್ನು ಬಿಟ್ಟು ವಿಮೆ! ಲೀಗ್ ಅಂತ ಹೇಳಿ, ಆಟಗಾರರೂ ಸೇರುವ ಪಾಲಿಸಿಯನ್ನೇ ಕೇಳಿ ಪಡೆಯಿರಿ.

ಮೂರನೆಯದು, ಹೊಣೆ ವಿಮೆ ಮುರಿದ ಬೆರಳಿನ ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ. ಅದಕ್ಕೆ ಅಪಘಾತದ ವೈದ್ಯಕೀಯ ವಿಮೆ ಪ್ರತ್ಯೇಕವಾಗಿ ಬೇಕು. ಆಟಗಾರನ ಸ್ವಂತ ಹೆಲ್ತ್ ಇನ್ಶೂರೆನ್ಸ್ ಕೊಟ್ಟು ಮಿಕ್ಕಿದ್ದನ್ನು ಸಾಮಾನ್ಯವಾಗಿ ಅದು ತುಂಬುತ್ತದೆ.

ಒಂದು ಸಲಹೆ. ಲೀಗನ್ನು ನಿಮ್ಮ ಹೆಸರಿನಲ್ಲಿ ನಡೆಸಬೇಡಿ, ದುಡ್ಡನ್ನು ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಲೇಬೇಡಿ. ನೋಂದಣಿಯಾದ, ಲಾಭಕ್ಕಲ್ಲದ ಕನ್ನಡ ಸಂಘ ಹತ್ತಿರದಲ್ಲಿದ್ದರೆ ಅದರ ಕೆಳಗೆ ಮಾಡಿ. 1997ರ ಕೇಂದ್ರ ಕಾನೂನೊಂದು ಇಂಥ ಸಂಸ್ಥೆಗಳ ಸ್ವಯಂಸೇವಕರನ್ನು ಸಣ್ಣಪುಟ್ಟ ಅಜಾಗರೂಕತೆಯ ಕೇಸುಗಳಿಂದ ಕಾಯುತ್ತದೆ. ಸಂಸ್ಥೆಯನ್ನು ಕಾಯುವುದಿಲ್ಲ, ಅದಕ್ಕೆ ವಿಮೆಯೇ ಬೇಕು. ಬಾಡಿಗೆಯಲ್ಲೂ ಲಾಭವಿದೆ. ಎಷ್ಟೋ ಸಿಟಿಗಳಲ್ಲಿ ಇಂಥ ಸಂಸ್ಥೆಗಳಿಗೆ ಒಂದು ದರ, ಊರಿನ ನಿವಾಸಿಗಳಿಗೆ ಒಂದು, ಹೊರಗಿನವರಿಗೆ ಒಂದು. ನಿವಾಸಿಗಳು ಅಂತ ತೋರಿಸಲು ಆಟಗಾರರ ವಿಳಾಸದ ಪಟ್ಟಿ ಕೇಳುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜನ ಪಕ್ಕದ ಊರಿನವರಾದರೆ ದರ ಏರಬಹುದು.

ತಂಡಕ್ಕೆ ಎಷ್ಟು ಇಡಬೇಕು? ಲೆಕ್ಕ ಸುಲಭವಾಗಲಿ ಅಂತ ಗಂಟೆಗೆ 30 ಡಾಲರ್ ಅಂದುಕೊಳ್ಳಿ. ಆರು ತಂಡ ಒಂದೊಂದು ಸಲ ಎದುರಾದರೆ 15 ಪಂದ್ಯ, ಸೆಮಿಫೈನಲ್ ಎರಡು, ಫೈನಲ್ ಒಂದು, ಒಟ್ಟು 18. ಭಾನುವಾರಕ್ಕೆ ಎರಡರಂತೆ ಒಂಬತ್ತು ವಾರ, ದಿನಕ್ಕೆ ನಾಲ್ಕು ಗಂಟೆ. ಬಾಡಿಗೆ 1,080. ವಿಮೆಗೆ 600, ಬಾಲು, ಸ್ಟಂಪು, ಪ್ರಥಮ ಚಿಕಿತ್ಸೆಯ ಡಬ್ಬಿಗೆ 420 ಅಂತ ಇಟ್ಟರೆ 2,100. ತಂಡಕ್ಕೆ 350, ತಂಡದಲ್ಲಿ 14 ಜನ ಇದ್ದರೆ ತಲೆಗೆ 25 ಡಾಲರ್. ನಿಮ್ಮ ಸಿಟಿಯ ದರ ಹಾಕಿ ಲೆಕ್ಕ ತಿದ್ದಿಕೊಳ್ಳಿ. ಮಳೆಗೆ ಅಂತ ಒಂದು ಭಾನುವಾರ ಜಾಸ್ತಿ ಹಿಡಿದಿಡಿ. ಹುಲ್ಲು ಒದ್ದೆ ಅಂತ ಮೈದಾನ ಮುಚ್ಚಿದ ದಿನ ಆಡಿದರೆ ಪರ್ಮಿಟ್ಟೇ ಹೋಗಬಹುದು.

ವಾಪಸ್ ಬರುವ ಡಿಪಾಸಿಟ್ ಈ ಲೆಕ್ಕದಲ್ಲಿಲ್ಲ. ಅದು ವಾಪಸ್ ಬರುತ್ತದೋ ಇಲ್ಲವೋ ನಿಮ್ಮ ಶಾಮಿಯಾನದ ಗೂಟದ ಮೇಲಿದೆ. ನಮ್ಮ ಪತ್ರಿಕೆಯ ಗೆಳೆಯರ ಬಳಗದವರು ಒಮ್ಮೆ ವಾಲಿಬಾಲ್ ಇಟ್ಟುಕೊಂಡಿದ್ದೆವು. ನಾನೇ ಗೂಟ ಹೊಡೆದೆ. ಹುಲ್ಲಿನ ಕೆಳಗೆ ನೀರಿನ ಪೈಪು ಇರುತ್ತದೆ ಅಂತ ಅವತ್ತು ಗೊತ್ತಾಯಿತು. ಕಾರಂಜಿಯೇನೋ ಚೆನ್ನಾಗಿತ್ತು. ಡಿಪಾಸಿಟ್ ಮಾತ್ರ ಬರಲಿಲ್ಲ. ಗೂಟದ ಬದಲು ಮರಳಿನ ಚೀಲ ಕಟ್ಟಿ.

ಅಂಪೈರ್‌ಗಳಿಗೆ ದುಡ್ಡು ಕೊಡುವ ಯೋಚನೆ ಇದ್ದರೆ ಇನ್ನೊಂದು ಮಾತು. ಎಚ್‌1ಬಿ ವೀಸಾದವರು ವೀಸಾ ಮಾಡಿಸಿದ ಕಂಪನಿ ಬಿಟ್ಟು ಬೇರೆ ಕಡೆ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಐವತ್ತು ಡಾಲರಿಗೆ ಯಾರ ತಲೆಯ ಮೇಲೂ ತೂಗುಕತ್ತಿ ಬೇಡ. ಆಡದ ತಂಡದವರೇ ಸರದಿ ಪ್ರಕಾರ ನಿಲ್ಲಲಿ.

ಇಷ್ಟೆಲ್ಲ ಕಾಗದ ಸರಿ ಮಾಡಿಕೊಂಡ ಮೇಲೂ ಮೈದಾನ ನಿಮ್ಮದಾಗುವುದಿಲ್ಲ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಪ್ಲೇಗ್ರೌಂಡಿನಲ್ಲಿ ಆಗಿದ್ದು ನೆನಪಿರಬಹುದು. ಅಲ್ಲಿ ಬಡಾವಣೆಯ ಹುಡುಗರು ಬಂದವರು ಬಂದ ಹಾಗೆ ತಂಡ ಕಟ್ಟಿ ಸಾಕರ್ ಆಡುತ್ತಿದ್ದರು. ಟೆಕ್ ಕಂಪನಿಗಳ ಕೆಲವರು ಗಂಟೆಗೆ 27 ಡಾಲರ್ ಕಟ್ಟಿದ ಪರ್ಮಿಟ್ ತೋರಿಸಿ ಎದ್ದೇಳಿ ಅಂದರು. ಯಾರೋ ವಿಡಿಯೊ ಮಾಡಿದರು, ಊರೆಲ್ಲ ಹಬ್ಬಿತು. ನಿಯಮದ ಪ್ರಕಾರ ಪರ್ಮಿಟ್‌ನವರದೇ ಸರಿ. ಆದರೂ ಕೊನೆಗೆ ಸಿಟಿಯವರು ಆ ಮೈದಾನವನ್ನು ದೊಡ್ಡವರಿಗೆ ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸಿದರು. ನ್ಯೂಯಾರ್ಕಿನಲ್ಲಿ 2023ರಲ್ಲಿ ಆಗಿದ್ದು ಇನ್ನೂ ದೊಡ್ಡದು. ಟಿ20 ವಿಶ್ವಕಪ್‌ಗೆ ಅಂತ ಬ್ರಾಂಕ್ಸ್‌ನ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕಿನಲ್ಲಿ 34,000 ಸೀಟಿನ ತಾತ್ಕಾಲಿಕ ಸ್ಟೇಡಿಯಂ ಕಟ್ಟುವ ಯೋಜನೆ ಬಂತು. ಅಲ್ಲೇ ವಾರವಾರ ಆಡುತ್ತಿದ್ದ ಲೀಗಿನವರು, ಸುತ್ತಲಿನವರು ಬೇಡ ಅಂದರು. ಸ್ಟೇಡಿಯಂ ಲಾಂಗ್ ಐಲೆಂಡಿನ ಐಸೆನ್‌ಹೋವರ್ ಪಾರ್ಕಿಗೆ ಹೋಯಿತು.

ಹಾಗಾಗಿ ಅರ್ಜಿ ಹಾಕುವ ಮೊದಲು ಎರಡು ಭಾನುವಾರ ನೀವು ನೋಡಿರುವ ಮೈದಾನಕ್ಕೆ ಸುಮ್ನೆ ಹೋಗಿ ಕೂತು ಬನ್ನಿ. ಯಾರು ಆಡುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ನಾಯಿ ಹಿಡಿದು ಬರುವವರು ಯಾವ ಕಡೆ ತಿರುಗುತ್ತಾರೆ ನೋಡಿ. ಸಾಕರ್ ಆಡುವ ಹುಡುಗರಿದ್ದರೆ ಮಾತಾಡಿಸಿ, ಅವರ ಹೊತ್ತು ಬಿಟ್ಟು ಇನ್ನೊಂದು ಹೊತ್ತು ಕೇಳಿ. ವೇಳಾಪಟ್ಟಿ ರೆಡಿಯಾದ ಮೇಲೆ ಕಳಿಸಿ, ನಮ್ಮ ಪುಟದಲ್ಲಿ ಹಾಕುತ್ತೇವೆ. ಫೈನಲ್‌ಗೆ ನಾನೂ ಬರುತ್ತೇನೆ. ಗೂಟ ಹೊಡೆಯಲು ಮಾತ್ರ ಕರೆಯಬೇಡಿ.

– ಸಂ.