ನೆಟ್‌ವರ್ಕ್ ಸಿಗದ ಕಾಡಿನಲ್ಲಿ ಮೊಬೈಲ್ ನಕ್ಷೆ

ಪ್ರಶ್ನೆ: ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕಡೆ ರಾಮಪತ್ರೆ ಜಡ್ಡಿಗಳಲ್ಲಿ (ರಾಮಪತ್ರೆ ಮರಗಳು ಬೆಳೆಯುವ ಜೌಗು ನೆಲ) ಮರ ಎಣಿಸುತ್ತಿದ್ದೇವೆ. ಒಳಗೆ ಹೋದರೆ ಫೋನಿನಲ್ಲಿ ನೀಲಿ ಚುಕ್ಕಿ ಮಾತ್ರ ಉಳಿಯುತ್ತದೆ, ನಕ್ಷೆಯೆಲ್ಲ ಬಿಳಿ. ಏನು ಮಾಡಬೇಕು?
– ಎಂ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಚುಕ್ಕಿ ಕಾಣುತ್ತದೆ ಎಂದರೆ ಜಿಪಿಎಸ್ ಸರಿಯಾಗಿಯೇ ಇದೆ, ಅದಕ್ಕೆ ಸಿಮ್ ಕೂಡ ಬೇಡ. ಇಲ್ಲದಿರುವುದು ನಕ್ಷೆಯ ಚಿತ್ರ. ಅದನ್ನು ಊರಲ್ಲೇ ಫೋನಿಗೆ ತುಂಬಿಕೊಂಡು ಹೊರಡಬೇಕು.

ಬಳಸಲು ಅನುಮತಿ ಇರುವ ಉಪಗ್ರಹ ಚಿತ್ರವನ್ನು ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ಎಂಬಿಟೈಲ್ಸ್ ಕಡತ (ನಕ್ಷೆಯ ಚಿತ್ರವನ್ನು ಸಣ್ಣ ಚೌಕ ತುಣುಕುಗಳಾಗಿ ಇಡುವ ಒಂದೇ ಕಡತ) ಮಾಡಿಕೊಳ್ಳಿ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಸರ್ವರಿನಿಂದ ಹೀಗೆ ರಾಶಿಗಟ್ಟಲೆ ಇಳಿಸಿಕೊಳ್ಳುವುದಕ್ಕೆ ಅವರ ನಿಯಮದಲ್ಲೇ ಅವಕಾಶವಿಲ್ಲ. ಜೂಮ್ ಒಂದು ಹಂತ ಏರಿದರೆ ಚಿತ್ರದ ತುಣುಕುಗಳು ನಾಲ್ಕು ಪಟ್ಟಾಗುತ್ತವೆ. 10 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಜಾಗಕ್ಕೆ 16ನೇ ಹಂತದಲ್ಲಿ ಸುಮಾರು 300 ತುಣುಕು ಸಾಕು, 18ರಲ್ಲಿ 4,600 ದಾಟುತ್ತದೆ. ಇಡೀ ಪ್ರದೇಶಕ್ಕೆ 16, ಜಡ್ಡಿಯ ಆಸುಪಾಸಿಗೆ ಮಾತ್ರ 18 ಇಟ್ಟುಕೊಳ್ಳಿ. ಚಿತ್ರದ ಮಾದರಿಯಲ್ಲಿ ಪಿಎನ್‌ಜಿ ಬೇಡ, ಜೆಪಿಜಿ ಆರಿಸಿಕೊಳ್ಳಿ, ಕಡತ ಹಗುರಾಗುತ್ತದೆ.

ಮರಗಳಿಗೆ ಜಿಯೋಪ್ಯಾಕೇಜ್ ಎಂಬ ನಕ್ಷೆ ದತ್ತಾಂಶದ ಕಡತದಲ್ಲಿ ಒಂದು ಬಿಂದು ಪದರ (ಮರಕ್ಕೊಂದು ಚುಕ್ಕಿ) ಮಾಡಿ: ಜಾತಿ, ಸುತ್ತಳತೆ, ಫೋಟೊ, ಜೊತೆಗೆ ಜಿಪಿಎಸ್ ನಿಖರತೆ. ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಕ್ಯೂಜಿಐಎಸ್ ಕೆಲಸವನ್ನು ಫೋನಿನಲ್ಲಿ ತೆರೆಯುವ ಕ್ಯೂಫೀಲ್ಡ್ ಆ್ಯಪಿಗೆ ಸಾಗಿಸಿ. ಹೊರಡುವ ಹಿಂದಿನ ದಿನ ವೈಫೈ, ಡೇಟಾ ಎರಡನ್ನೂ ಆರಿಸಿ ಮನೆಯಂಗಳದಲ್ಲಿ ಎರಡು ಗಿಡ ದಾಖಲಿಸಿ ನೋಡಿ. ನಕ್ಷೆ ಬರದಿದ್ದರೆ ಅಲ್ಲೇ ತಿಳಿಯುತ್ತದೆ.

ಪ್ರಶ್ನೆ: ಹಳ್ಳದೊಳಗಿನ ಮರ ನಕ್ಷೆಯಲ್ಲಿ ದಿಬ್ಬದ ಮೇಲೆ ಕೂರುತ್ತದೆ. ಒಮ್ಮೆ ಇಡೀ ದಿನದ ದಾಖಲೆಯೇ ಮಾಯವಾಯಿತು.
– ಸಂಶೋಧಕರು, ಸಾಗರ

ಉತ್ತರ: ಜಡ್ಡಿ ಎಂದರೆ ಹಳ್ಳದಂಚಿನ ಕಿರಿದಾದ ಪಟ್ಟಿ, ಅಲ್ಲಿ 20 ಮೀಟರ್ ತಪ್ಪಿದರೂ ಮರ ಜಡ್ಡಿಯಿಂದಲೇ ಹೊರಗೆ. ಉಪಗ್ರಹದ ಸಂಕೇತ ಒದ್ದೆ ಎಲೆ, ಕಾಂಡಗಳಿಗೆ ತಾಗಿ ಸುತ್ತುಬಳಸಿ ಬರುವುದರಿಂದ ಹೀಗಾಗುತ್ತದೆ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಸಾರುತ್ತದೆ. ನಡುವೆ ಸಂಕೇತ ಕಡಿದರೆ ಫೋನು ಮತ್ತೆ ಕಾಯಬೇಕು. ಹಾಗಾಗಿ ಕಾಡಿನಂಚಿನ ಬಯಲಲ್ಲಿ ಜಿಪಿಎಸ್ ಹಚ್ಚಿ, ಚುಕ್ಕಿ ನೆಲೆನಿಂತ ಮೇಲೆ ಒಳಗೆ ನಡೆಯಿರಿ, ಮಧ್ಯೆ ಆರಿಸಬೇಡಿ. ಮರದ ಬುಡದಲ್ಲಿ ಒಂದು ನಿಮಿಷ ನಿಂತು ಸರಾಸರಿ ತೆಗೆಯಿರಿ. ಪ್ರತಿಫಲನದ ದೋಷ ಸರಾಸರಿಯಿಂದ ಪೂರ್ತಿ ಹೋಗದು. ಮುಖ್ಯವಾದ ಮರಗಳನ್ನು ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಅಳೆಯಿರಿ. ನಿಖರತೆಯ ಅಂಕಿ (ಎಷ್ಟು ಮೀಟರ್ ತಪ್ಪಿರಬಹುದು ಎಂಬ ಅಂದಾಜು) 10ಕ್ಕಿಂತ ಹೆಚ್ಚು ತೋರಿದರೆ ಹತ್ತಿರದ ತೆರಪಿನಲ್ಲಿ ಬಿಂದು ಹಿಡಿದು, ಅಲ್ಲಿಂದ ಟೇಪು ಮತ್ತು ದಿಕ್ಸೂಚಿಯಿಂದ ಮರಕ್ಕೆ ಅಳೆಯುವುದೇ ಮೇಲು.

ದಾಖಲೆ ಮಾಯವಾದದ್ದು ಬಹುಶಃ ನಕಲು ಮಾಡುವಾಗ. ಜಿಯೋಪ್ಯಾಕೇಜ್ ತೆರೆದಿರುವಾಗ ಹೊಸ ಬಿಂದುಗಳು ಮೊದಲು ಪಕ್ಕದಲ್ಲೇ ಹುಟ್ಟುವ, ಹೆಸರಿನ ಕೊನೆಗೆ ‘ವಾಲ್’ (-wal) ಎಂದಿರುವ ಕಡತದಲ್ಲಿ ಕೂರಬಹುದು. ಮುಖ್ಯ ಕಡತವನ್ನಷ್ಟೇ ಎಳೆದುಕೊಂಡರೆ ಅವು ಅಲ್ಲೇ ಉಳಿದುಬಿಡುತ್ತವೆ. ಮೊದಲು ಪ್ರಾಜೆಕ್ಟ್ ಮುಚ್ಚಿ, ಆಮೇಲೆ ಇಡೀ ಫೋಲ್ಡರನ್ನೇ ನಕಲು ಮಾಡಿ. ಕಂಪ್ಯೂಟರಿನಲ್ಲಿ ತೆರೆದು ಬಿಂದುಗಳನ್ನು ಎಣಿಸುವ ತನಕ ಫೋನಿನದನ್ನು ಅಳಿಸಲೇಬೇಡಿ.