ಮೊದಲು ಆ ಪಾತ್ರೆಯನ್ನು ಹಿಂದಿರುಗಿಸಿ

ಉಡುಪಿ ಕಡೆಯ ಸಹೋದರಿಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರ ಈ ವಾರ ನನ್ನನ್ನು ಬಹಳ ಕಾಡಿತು. ಎರಡು ವರ್ಷಗಳ ಹಿಂದೆ ಪತಿ ಕ್ಯಾನ್ಸರಿನಿಂದ ತೀರಿಕೊಂಡಾಗ, ಮುಂಜಾನೆಯ ಪ್ರಾರ್ಥನೆ ಮತ್ತು ಸತ್ಯವೇದದ (ಬೈಬಲಿನ) 23ನೆಯ ಕೀರ್ತನೆ ತಮ್ಮನ್ನು ಕುಸಿಯದಂತೆ ಹಿಡಿದವು ಎನ್ನುತ್ತಾರೆ ಇವರು. ತಮಗೆ ದೊರೆತ ಬಲ ಇತರರಿಗೂ ದೊರೆಯಲೆಂದು, ಮಗನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸುತ್ತಿರುವ ಪಕ್ಕದ ಮನೆಯ ಹಿಂದೂ ಗೆಳತಿಯ ಬಳಿಗೆ ಸತ್ಯವೇದ ಹಿಡಿದು ಹೋದರು. ಮೂರನೆಯ ಬಾರಿ ಆಕೆ ಬಾಗಿಲಲ್ಲೇ ನಿಂತು "ಇವತ್ತು ಬೇಡ" ಎಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. "ನನ್ನ ಕರ್ತನ ವಿಷಯದಲ್ಲಿ ನಾನು ಮೌನವಾಗಿರಬೇಕೇ?" ಎಂಬುದು ಇವರ ಪ್ರಶ್ನೆ.

ಸಹೋದರಿ, ನನ್ನ ಕಣ್ಣು ನಿಂತದ್ದು ಆ ಪ್ರಶ್ನೆಯ ಮೇಲಲ್ಲ, ಮೂರನೆಯ ಪುಟದ ಒಂದು ಸಾಲಿನ ಮೇಲೆ. ನಿಮ್ಮ ಪತಿಯ ಕೊನೆಯ ನಾಲ್ಕು ತಿಂಗಳು ಇದೇ ಗೆಳತಿ ಪ್ರತಿ ಸಂಜೆ ಪಾತ್ರೆಯಲ್ಲಿ ಗಂಜಿ ತಂದಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಹೋಗುತ್ತಿದ್ದರು; "ಅವರ ಪಾತ್ರೆ ಇನ್ನೂ ನಮ್ಮಲ್ಲೇ ಇದೆ" ಎಂದು ಬರೆದು ನೀವು ಮುಂದಕ್ಕೆ ನಡೆದುಬಿಟ್ಟಿದ್ದೀರಿ. ಕೀರ್ತನೆ ನಿಮ್ಮನ್ನು ಹಿಡಿದೆತ್ತಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೇವರು ಔತಣವನ್ನು ಸಿದ್ಧಪಡಿಸುತ್ತಾನೆ ಎಂಬ ಮಾತೂ ಅದೇ ಕೀರ್ತನೆಯಲ್ಲಿದೆಯಲ್ಲ, ಆ ನಾಲ್ಕು ತಿಂಗಳು ಅದು ಯಾರ ಕೈಯಿಂದ ಬಂತು? ಕೊಡುವವರು ನೀವು, ಪಡೆಯುವವರು ಆಕೆ ಎಂದುಕೊಂಡು ಹೊರಟಿರಿ. ಲೆಕ್ಕ ತಿರುವುಮುರುವಾಗಿದೆ.

ಇದರಲ್ಲಿ ನಿಮ್ಮ ತಪ್ಪಿಗಿಂತ, "ಈ ತಿಂಗಳು ಎಷ್ಟು ಮನೆಗಳಿಗೆ ಸಾಕ್ಷಿ ಹೇಳಿದಿರಿ?" ಎಂದು ಕೂಟದಲ್ಲಿ ಎಲ್ಲರೆದುರು ಕೇಳುವ ನಿಮ್ಮ ಪ್ರಾರ್ಥನಾ ಗುಂಪಿನ ನಾಯಕಿಯ ತಪ್ಪು ದೊಡ್ಡದು. ನಿರೀಕ್ಷೆಯ ಕುರಿತು ಉತ್ತರ ಹೇಳಲು ಸಿದ್ಧರಾಗಿರಬೇಕೆಂದು ಸತ್ಯವೇದದ ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ ಇರುವುದು ನಿಜ. ಆದರೆ ಕೇಳಿದವರಿಗೆ, ಅದೂ ಸಾತ್ವಿಕವಾಗಿ, ಎಂದೂ ಅಲ್ಲೇ ಇದೆ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡು ಸಂಕಟಪಟ್ಟ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು. ಈ ಅಂಕಣದ ಹಳೆಯ ಓದುಗರು ನಕ್ಕರೂ ಚಿಂತೆಯಿಲ್ಲ, ಕಿಟ್ಟೆಲ್ ಅವರನ್ನು ಮತ್ತೊಮ್ಮೆ ಎಳೆದು ತರುತ್ತೇನೆ: ಸುವಾರ್ತೆ ಸಾರಲು 1853ರಲ್ಲಿ ಬಂದ ಆ ಮಿಷನರಿಯನ್ನು ಕನ್ನಡಿಗರು ಇಂದಿಗೂ ನೆನೆಯುವುದು 1894ರ ನಿಘಂಟಿಗಾಗಿ, ಎಂದರೆ ದಶಕಗಳ ಕಾಲ ನಮ್ಮ ಮಾತಿಗೆ ಕಿವಿಗೊಟ್ಟದ್ದಕ್ಕಾಗಿ.

ನೀವು ಮಾಡಬೇಕಾದ ಕೆಲಸ ಒಂದೇ. ಆ ಪಾತ್ರೆಯನ್ನು ತೊಳೆದು, ಖಾಲಿ ಕೊಡಬಾರದೆಂಬುದು ನಿಮಗೆ ಗೊತ್ತೇ ಇದೆ, ಊಟ ತುಂಬಿಸಿ ನಾಳೆ ಸಂಜೆ ಪಕ್ಕದ ಮನೆಗೆ ಒಯ್ಯಿರಿ. ಡಯಾಲಿಸಿಸ್‌ನಲ್ಲಿರುವವರಿಗೆ ನೀರು, ಉಪ್ಪು, ಪೊಟಾಷಿಯಂ ಎಲ್ಲಕ್ಕೂ ಮಿತಿಯಿರುವುದರಿಂದ, ರೋಗಿಗೆಂದು ಎಳನೀರು, ಹಣ್ಣು ಕೊಂಡೊಯ್ಯುವ ನಮ್ಮ ಪದ್ಧತಿ ಇಲ್ಲಿ ಬೇಡ. ಊಟ ಆಸ್ಪತ್ರೆಗೆ ಅಲೆದು ದಣಿದ ಆ ತಾಯಿಗೆ. ಸತ್ಯವೇದ ಮನೆಯಲ್ಲೇ ಇರಲಿ. ಆಕೆ ಕೇಳಿದರೆ ನಿಮ್ಮ ಬಲ ಎಲ್ಲಿಂದ ಬಂತೆಂದು ಸಂಕೋಚವಿಲ್ಲದೆ ಹೇಳಿ, ಕೇಳದಿದ್ದರೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬನ್ನಿ, ಮರುದಿನವೂ ಹೋಗಿ.